ಲಾಯ್ಡ್ ಡಿಕ್ಲೇರ್ ಮಾಡಿದ್ದು ತಪ್ಪೇ?

1976ರ ಏಪ್ರಿಲ್‌ನಲ್ಲಿ, ಪೋರ್ಟ್ ಆಫ್ ಸ್ಪೇನ್ ಟೆಸ್ಟ್‌ನಲ್ಲಿ, ಕ್ಲೈವ್ ಲಾಯ್ಡ್ 6 ವಿಕೆಟ್‌ಗೆ 271 ರನ್ನಿದ್ದಾಗ ಡಿಕ್ಲೇರ್ ಮಾಡಿ ಭಾರತಕ್ಕೆ 403ರ ಗುರಿಯಿತ್ತರು. ಅದುವರೆಗೆ ನಾನೂರು ದಾಟಿ ಗೆದ್ದಿದ್ದುದು 1948ರಲ್ಲಿ ಲೀಡ್ಸ್‌ನಲ್ಲಿ ಆಸ್ಟ್ರೇಲಿಯಾ ಮಾತ್ರ. ಗಾವಸ್ಕರ್ 102, ನಮ್ಮ ವಿಶ್ವನಾಥ್ 112, ಮೊಹಿಂದರ್ 85, ಬ್ರಿಜೇಶ್ ಪಟೇಲ್ ಅಜೇಯ 49. ಭಾರತ 4 ವಿಕೆಟ್‌ಗೆ 406!

ಲಾಯ್ಡ್ ಆತುರಪಟ್ಟರೆಂದು ಅಂದು ಗೆಳೆಯರು ವಾದಿಸಿದರು. ಮುಂದೆ ಶಿಕ್ಷಕರ ಕೊಠಡಿಯಲ್ಲೂ ಅದೇ ಮಾತು. ನಾನು ಎಂದೂ ಒಪ್ಪಲಿಲ್ಲ. ಗೆಲ್ಲಬಯಸುವವನು ಎದುರಾಳಿಗೂ ಗೆಲುವಿನ ಬಾಗಿಲನ್ನು ಒಂದಿಷ್ಟು ತೆರೆದಿಡಲೇಬೇಕು.

ನನ್ನ ತಕರಾರು ಅದರ ನಂತರದ್ದು. ಮೂವರು ಸ್ಪಿನ್ನರುಗಳನ್ನು ನಂಬಿ ಸೋತ ಲಾಯ್ಡ್, ಮುಂದಿನ ಕಿಂಗ್‌ಸ್ಟನ್ ಟೆಸ್ಟ್‌ನಲ್ಲಿ ವೇಗದ ಬೌಲರುಗಳನ್ನೇ ಛೂಬಿಟ್ಟರು. ವಿಶ್ವನಾಥ್, ಪಟೇಲ್, ಗಾಯಕವಾಡ್ ಗಾಯಗೊಂಡರು. ಸೋಲು ಪಾಠ ಕಲಿಸುತ್ತದೆ, ನಿಜ. ಯಾವ ಪಾಠವೆಂಬುದನ್ನು ಮಾತ್ರ ನಾವೇ ಆರಿಸಿಕೊಳ್ಳಬೇಕು, ಮಕ್ಕಳೇ.