ಓಡಿ ಗೆದ್ದ ಲಿಪಿಕಾರ

ನಮ್ಮ ವಂಶದ ಮೂರು ತಲೆಮಾರಿನ ಹೆಸರು ಹೇಳೆಂದರೆ ತಡವರಿಸುವವನು ನಾನು. ಆದರೆ ಕಸುಬಿನ ಕಡೆಯಿಂದ ನನಗೊಬ್ಬ ಪೂರ್ವಜನಿದ್ದಾನೆ. ಹುಟ್ಟೂರು ಮ್ಯಾಂಚೆಸ್ಟರ್, ಮತ ಮಾರ್ಮನ್, ಹೆಸರು ಜಾರ್ಜ್ ವಾಟ್. ನಗಬೇಡಿ. ಮೂವತ್ತು ವರ್ಷ ಸಾಹೇಬರುಗಳ ಬಾಯಿಂದ ಉದುರಿದ್ದನ್ನೆಲ್ಲ ಪಿಟ್‌ಮನ್ ಶೀಘ್ರಲಿಪಿಯಲ್ಲಿ ಹಿಡಿದು, ಬೆರಳಚ್ಚು ಮಾಡಿ, ಸಹಿಗೆ ಇಟ್ಟು ನಿವೃತ್ತನಾದವನು ನಾನು. ಅದೇ ಲಿಪಿಯನ್ನು ಬರೆದವನೊಬ್ಬ ನೂರೈವತ್ತು ವರ್ಷಕ್ಕೂ ಹಿಂದೆ ಇದ್ದನೆಂದರೆ ನೆಂಟನೆನಿಸದೆ ಇರುತ್ತದೆಯೆ?

ಅವನು ಮೊದಲು ಹೆಸರು ಮಾಡಿದ್ದು ಮಾತ್ರ ಕೈಯಿಂದಲ್ಲ, ಕಾಲಿನಿಂದ. 1837ರ ಜುಲೈ 30, ಭಾನುವಾರ. ಲ್ಯಾಂಕಷೈರಿನ ಪ್ರೆಸ್ಟನ್ ಪಟ್ಟಣದ ಪಕ್ಕದಲ್ಲಿ ಹರಿಯುವ ರಿಬಲ್ ನದಿಯ ದಡದಲ್ಲಿ ಜನವೋ ಜನ. ದೀಕ್ಷೆ ಕೊಡಬೇಕಾಗಿದ್ದ ಹೀಬರ್ ಕಿಂಬಾಲ್ ಬರೆದಿಟ್ಟಂತೆ ಏಳರಿಂದ ಒಂಬತ್ತು ಸಾವಿರ ಮಂದಿ. ಸಿದ್ಧರಾದವರು ಒಂಬತ್ತು ಜನ. ಇಂಗ್ಲೆಂಡಿನ ಮೊಟ್ಟಮೊದಲ ಮಾರ್ಮನ್ ಯಾರಾಗಬೇಕೆಂಬ ಚರ್ಚೆ ಹುಟ್ಟಿ, ಕೊನೆಗೆ ಇಬ್ಬರು ನದಿಗೆ ಓಟ ಕಿತ್ತರು. ವಾಟ್ ಗೆದ್ದ. ಮೋಕ್ಷಕ್ಕೆ ಜನ ತಪಸ್ಸು ಮಾಡಿದ್ದನ್ನು ಕೇಳಿದ್ದೇನೆ. ಓಟದ ಪಂದ್ಯ ಕಟ್ಟಿದ್ದನ್ನು ಕೇಳಿದ್ದು ಇದೊಂದೇ.

ಆದರೆ ಅಷ್ಟು ಅವಸರವೇಕೆ? ಆ ಊರನ್ನು ಕಣ್ಣ ಮುಂದೆ ತಂದುಕೊಂಡರೆ ಅರ್ಥವಾಗುತ್ತದೆ. ಪ್ರೆಸ್ಟನ್ ಎಂದರೆ ಹತ್ತಿಯ ಗಿರಣಿಗಳ ಊರು. ಕೈಮಗ್ಗದವನ ಕೂಲಿಯನ್ನು ಯಂತ್ರ ನುಂಗಿತ್ತು. 1833ರ ಕಾಯಿದೆ ಬಂದ ಮೇಲೂ ಒಂಬತ್ತು ವರ್ಷದ ಮಗು ವಾರಕ್ಕೆ 48 ಗಂಟೆ ಗಿರಣಿಯಲ್ಲಿ ದುಡಿಯಬಹುದಾಗಿತ್ತು. ಹದಿಮೂರು ತುಂಬಿದರೆ ದಿನಕ್ಕೆ 12 ಗಂಟೆ. ಕೆಲಸ ತಪ್ಪಿದರೆ 1834ರ ಹೊಸ ಕಾನೂನು ತೋರಿಸುತ್ತಿದ್ದ ದಾರಿ ಬಡವರ ದುಡಿಮೆಮನೆ. ಅಲ್ಲಿ ಗಂಡನೊಂದು ಕಡೆ, ಹೆಂಡತಿಯೊಂದು ಕಡೆ. ದುಃಖ ಮರೆಯಲು ಹೆಂಡದಂಗಡಿಗಳಿಗೆ ಬರವಿರಲಿಲ್ಲ. ಜೋಸೆಫ್ ಲಿವ್ಸೆ ಎಂಬ ಮಹನೀಯ 1832ರಲ್ಲಿ ಪೂರ್ಣ ಪಾನನಿಷೇಧದ ಪ್ರತಿಜ್ಞೆ ಬರೆಸಿದ್ದು ಇದೇ ಊರಿನಲ್ಲಿ.

ಇಂಥಲ್ಲಿಗೆ ಅಮೆರಿಕದಿಂದ ಹೊಸ ಪಂಥದ ಪ್ರಚಾರಕರು ಬಂದರು. ಅವರಿಗೆ ಸಂಬಳವಿರಲಿಲ್ಲ. ಉಪದೇಶ ಮಾಡಲು ಲ್ಯಾಟಿನ್ ಬೇಕಿಲ್ಲ, ನೇಯುವವನೂ ಮಾಡಬಹುದು ಎಂದರು; ಕಡಲಾಚೆ ನಿಮ್ಮದೇ ನೆಲವಿದೆ, ಬನ್ನಿ ಎಂದರು. ವಾಟ್ ಹೋಗುತ್ತಿದ್ದ ಚರ್ಚಿನ ಪಾದ್ರಿ ಜೇಮ್ಸ್ ಫೀಲ್ಡಿಂಗ್ ಮೊದಲು ಅವರಿಗೆ ತನ್ನ ವೇದಿಕೆಯನ್ನೇ ಬಿಟ್ಟುಕೊಟ್ಟ. ತನ್ನ ಮಂದೆ ಕರಗುವುದನ್ನು ಕಂಡು ಬಾಗಿಲು ಹಾಕಿದ. ಅಷ್ಟರಲ್ಲಿ ಹೊತ್ತು ಮೀರಿತ್ತು. 1851ರ ವೇಳೆಗೆ ಬ್ರಿಟನ್ನಿನಲ್ಲಿ ಸುಮಾರು 33 ಸಾವಿರ ಮಾರ್ಮನ್ನರಿದ್ದರು. ಅವರಲ್ಲಿ ಸಾವಿರಾರು ಜನ ಲಿವರ್‌ಪೂಲಿನಲ್ಲಿ ಹಡಗು ಹತ್ತಿದರು.

ವಾಟ್ 1842ರಲ್ಲೇ ಹತ್ತಿದ್ದ. ಜೊತೆಗೊಯ್ದ ಆಸ್ತಿ ಶೀಘ್ರಲಿಪಿ. ಐಸಾಕ್ ಪಿಟ್‌ಮನ್ ತನ್ನ ಪದ್ಧತಿಯನ್ನು ಅಚ್ಚು ಹಾಕಿಸಿದ್ದೂ ಆ ಓಟದ ವರ್ಷದಲ್ಲೇ, 1837ರಲ್ಲಿ. ಮುಂದೆ ಯೂಟಾದಲ್ಲಿ ವಾಟ್ ಮುಖಂಡ ಬ್ರಿಗಮ್ ಯಂಗನ ಪ್ರವಚನಗಳನ್ನು ವರ್ಷಗಟ್ಟಲೆ ಬರೆದುಕೊಂಡ. ಅವು 1854ರಿಂದ ಲಿವರ್‌ಪೂಲಿನಲ್ಲಿ ಅಚ್ಚಾದವು. ಇಂಗ್ಲಿಷಿನ ಕಾಗುಣಿತ ವಲಸೆಗಾರರನ್ನು ಕಾಡುತ್ತದೆಂದು 38 ಅಕ್ಷರಗಳ ಹೊಸ ವರ್ಣಮಾಲೆಯೊಂದನ್ನು ರೂಪಿಸಿದವರಲ್ಲೂ ಅವನೇ ಮುಖ್ಯ. ಒಂದು ಧ್ವನಿಗೆ ಒಂದು ಅಕ್ಷರ! ನಮ್ಮ ಮೂರನೆಯ ತರಗತಿಯ ಹುಡುಗನನ್ನು ಕೇಳಿದ್ದರೆ ಅವನಿಗೆ ಅಷ್ಟು ಶ್ರಮ ತಪ್ಪುತ್ತಿತ್ತು. 1868ರಲ್ಲಿ ಸಂಬಳದ ಮಾತಿಗೆ ಯಂಗನೊಂದಿಗೆ ಮನಸ್ತಾಪವಾಗಿ ಕೆಲಸ ಬಿಟ್ಟ. (ಬಹುಪತ್ನೀತ್ವ ಸಮ್ಮತವಾಗಿದ್ದ ಕಾಲ, ಸಂಸಾರ ದೊಡ್ಡದು, ತಪ್ಪೆನ್ನಲಾರೆ.) ಕೊನೆಗೆ ಭಿನ್ನಮತೀಯರನ್ನು ಸೇರಿ, 1874ರಲ್ಲಿ ಬಹಿಷ್ಕೃತನಾದ. ಮೊದಲು ಓಡಿ ಸೇರಿದವನು ಹೊರಗೆ ನಿಂತೇ 1881ರಲ್ಲಿ ತೀರಿಕೊಂಡ.

ನನ್ನ ನಿದ್ದೆ ಕೆಡಿಸಿದ್ದು ಇದಲ್ಲ. ಅವನ ಮೂಲ ಶೀಘ್ರಲಿಪಿ ಹಾಳೆಗಳನ್ನು ಈಚಿನ ದಶಕಗಳಲ್ಲಿ ಓದಿ ನೋಡಿದ್ದಾರೆ. ಅಚ್ಚಾದ ಪ್ರವಚನಗಳಿಗೂ ಅವಕ್ಕೂ ಬಹಳ ಅಂತರ. ಹೇಳಿದ್ದನ್ನು ಬಿಟ್ಟಿದ್ದಾನೆ, ಹೇಳದ್ದನ್ನು ಸೇರಿಸಿದ್ದಾನೆ, ಒರಟು ಮಾತಿಗೆ ಅಂಗಿ ತೊಡಿಸಿದ್ದಾನೆ.

ಬಲ್ಲೆ, ನಾನೂ ತೊಡಿಸಿದವನೇ. ಒಮ್ಮೆ ಕಛೇರಿಯಲ್ಲಿ ಜವಾನನೊಬ್ಬನ ಮೇಲೆ ವಿಚಾರಣೆ ನಡೆಯಿತು. ಅವನು ಕೈಮುಗಿದು ಅರ್ಧ ಗಂಟೆ ತನ್ನ ಊರಿನ ಮಾತಿನಲ್ಲಿ ಹೇಳಿಕೊಂಡ. ಅಧಿಕಾರಿಗಳು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ನುಡಿದರು; ನಾನು ಅದನ್ನು ಇನ್ನಷ್ಟು ನಯಮಾಡಿ ಮೂರಕ್ಕೆ ಇಳಿಸಿದೆ. "ಆಪಾದಿತನು ವಿಷಾದ ವ್ಯಕ್ತಪಡಿಸಿದನು" ಎಂಬರ್ಥದ ಒಂದು ಚೆಂದದ ವಾಕ್ಯ ನನ್ನ ಸ್ವಂತದ್ದು. ಅವನು ವಿಷಾದಪಟ್ಟಿರಲಿಲ್ಲ; ಕದ್ದಿಲ್ಲ ಎಂದಿದ್ದ. ಕೆಲಸ ಹೋಯಿತು. ಹೋಗುವ ಮುನ್ನ ನನ್ನ ಮೇಜಿನ ಬಳಿ ನಿಂತು, "ಎಲ್ಲಾ ಬರಕಂಡ್ರಲ್ಲಾ ಸ್ವಾಮಿ, ಅಷ್ಟು ಸಾಕು" ಎಂದು ನಮಸ್ಕಾರ ಮಾಡಿದ.

ವಾಟನ ವಿಷಯ ಓದಿದ ರಾತ್ರಿ ಅಟ್ಟದ ಮೇಲಿಂದ ಆ ವರ್ಷದ ನೋಟ್‌ಬುಕ್ಕು ಇಳಿಸಿದೆ. ಅವನ ಮಾತನ್ನು ಅಭ್ಯಾಸಬಲದಿಂದ ಅಂಚಿನಲ್ಲಿ ಒಂದಿಷ್ಟು ಗೀಚಿಕೊಂಡಿದ್ದೆ. ತೆಳು ಗೆರೆ, ದಪ್ಪ ಗೆರೆ ಎಲ್ಲ ಹಾಗೆಯೇ ಇವೆ. ಆದರೆ ವೇಗಕ್ಕಾಗಿ ಸ್ವರಗಳ ಚುಕ್ಕೆ ಬಿಟ್ಟಿದ್ದೇನೆ. "ಕದ್ದಿಲ್ಲ" ಎಂಬಲ್ಲಿಯವರೆಗೆ ಓದಿಕೊಂಡೆ. ಅದರ ಮುಂದಿನ ಎರಡು ಸಾಲು, ಬರೆದವನಿಗೇ ತಿಳಿಯುತ್ತಿಲ್ಲ.