ಕೋಲಿನ ವಯಸ್ಸು ಎಣಿಸುವ ಸೀಮೆ

ಸ್ಕಾಟ್ಲೆಂಡಿನ ಟೇ ನದಿಯ ದಂಡೆಯಲ್ಲಿರುವ ಡಂಡೀ ನಗರದಿಂದ ವಾಯವ್ಯಕ್ಕೆ ಸುಮಾರು 30 ಕಿ.ಮೀ. ಹೋದರೆ ಬ್ಲೇರ್‌ಗೌರಿ ಎಂಬ ಪುಟ್ಟ ಪಟ್ಟಣ ಸಿಗುತ್ತದೆ. ಈ ಸೀಮೆ ರಾಸ್ಪ್‌ಬೆರಿಗೆ ಹೆಸರುವಾಸಿ. ಮೈ ಕೊರೆಯುವ ಚಳಿಗಾಲ, ಸುಡದ ಬೇಸಿಗೆ, ಜೂನ್‌ನಲ್ಲಿ ಹದಿನೇಳು ಗಂಟೆಗೂ ಮಿಕ್ಕಿದ ಹಗಲು. ಬೆರಿ ಹಣ್ಣುಗಳಿಗೆ ಇನ್ನೇನು ಬೇಕು?

ಅಲ್ಲಿ ಶಾಲೆಗಳಿಗೆ ಜುಲೈಯಲ್ಲಿ ರಜೆ. ಹಣ್ಣಾಗುವುದೂ ಆಗಲೇ. ಕಳೆದ ಶತಮಾನದಲ್ಲಿ ಡಂಡೀಯ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬಸ್ಸು ಹತ್ತಿ ಹಣ್ಣು ಬಿಡಿಸಲು ಹೋಗುತ್ತಿದ್ದರು. ಕೂಲಿ ತೂಕದ ಲೆಕ್ಕ. ಎಷ್ಟೋ ಮಕ್ಕಳ ಹೊಸ ವರ್ಷದ ಶಾಲಾ ಬಟ್ಟೆ, ಬೂಟು ಬರುತ್ತಿದ್ದುದು ಆ ದುಡ್ಡಿನಿಂದ. ಈಗ ಬಹುಪಾಲು ತೋಟಗಳು ಪ್ಲಾಸ್ಟಿಕ್ ಹೊದಿಕೆಯ ಕೆಳಗಿವೆ. ಬಿಡಿಸುವವರು ಹೆಚ್ಚಾಗಿ ಹೊರದೇಶಗಳಿಂದ ಬಂದವರು. ಆದರೆ ಮನೆಯ ಹಿತ್ತಲುಗಳಲ್ಲಿ ಬೆರಿ ಬೆಳೆಯುವ ರೂಢಿ ಉಳಿದುಕೊಂಡಿದೆ.

ಹಿತ್ತಲಿನ ಕೃಷಿಯಲ್ಲಿ ನೀರು, ಗೊಬ್ಬರದ್ದು ದೊಡ್ಡ ಮಾತಲ್ಲ. ಕತ್ತರಿ ಹಿಡಿಯುವ ಮುನ್ನ ಯಾವ ಕೋಲಿಗೆ ಎಷ್ಟು ವಯಸ್ಸು ಎಂದು ಗೊತ್ತಿರಬೇಕು. ಎರಡು ಗೂಟಗಳ ನಡುವೆ ತಂತಿ ಎಳೆದು ಕಟ್ಟಿದ ರಾಸ್ಪ್‌ಬೆರಿ ಸಾಲನ್ನೇ ನೋಡಿ. ಬೇರು ಬಹುಕಾಲ ಬದುಕುತ್ತದೆ, ಕೋಲಿಗೆ ಮಾತ್ರ ಎರಡೇ ವರ್ಷದ ಆಯುಸ್ಸು. ಮೊದಲ ವರ್ಷ ಬೆಳೆಯುತ್ತದೆ, ಮರುವರ್ಷ ಹಣ್ಣು ಕೊಟ್ಟು ಸಾಯುತ್ತದೆ. (ಹಣ್ಣು ಕಿತ್ತರೆ ನಡುವಿನ ಬಿಳಿ ದಿಂಡು ಗಿಡದಲ್ಲೇ ಉಳಿದು, ಟೊಪ್ಪಿಗೆಯಂಥ ಟೊಳ್ಳು ಹಣ್ಣು ಕೈಗೆ ಬರುತ್ತದೆ.) ಸುಗ್ಗಿ ಮುಗಿದೊಡನೆ ಹಣ್ಣು ಕೊಟ್ಟ ಕೋಲನ್ನು ನೆಲಮಟ್ಟಕ್ಕೆ ಕತ್ತರಿಸಿ, ಹೊಸ ಹಸಿರು ಕೋಲನ್ನು ತಂತಿಗೆ ಕಟ್ಟುತ್ತಾರೆ. ಚಳಿಗಾಲದಲ್ಲಿ ಎಲ್ಲವನ್ನೂ ಬೋಳಿಸಿದರೆ ಮುಂದಿನ ಬೇಸಿಗೆಗೆ ಒಂದು ಹಣ್ಣೂ ಇಲ್ಲ. ಆದರೆ ‘ಆಟಮ್ ಬ್ಲಿಸ್’ನಂಥ ತಳಿಗಳು ಅದೇ ವರ್ಷದ ಕೋಲಿನ ತುದಿಯಲ್ಲಿ ಶರತ್ಕಾಲಕ್ಕೆ ಹಣ್ಣು ಬಿಡುತ್ತವೆ. ಅವನ್ನು ಫೆಬ್ರವರಿಯಲ್ಲಿ ಧೈರ್ಯವಾಗಿ ಬೋಳಿಸಬಹುದು!

ಪಕ್ಕದಲ್ಲೇ ಕರಂಟ್ ಪೊದೆಗಳು. ನಾವು ಕೇಕಿಗೆ ಹಾಕುವ ಕರಂಟ್ ಒಣಗಿದ ಸಣ್ಣ ದ್ರಾಕ್ಷಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಪ್ಪು ಕರಂಟ್ ಹೆಚ್ಚಾಗಿ ಕಾಯುವುದು ಹಿಂದಿನ ವರ್ಷ ಚಿಗುರಿದ ಕೊಂಬೆಯಲ್ಲಿ. ಆದ್ದರಿಂದ ಪ್ರತಿ ಚಳಿಗಾಲ, ತೊಗಟೆ ಕಪ್ಪಾದ ಮುದಿ ಕೊಂಬೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಬುಡಕ್ಕೇ ತೆಗೆಯುತ್ತಾರೆ. ಸಸಿಯನ್ನು ನೆಡುವಾಗಲೂ ಮೊದಲಿದ್ದ ಮಟ್ಟಕ್ಕಿಂತ ಐದಾರು ಸೆಂ.ಮೀ. ಆಳಕ್ಕಿಳಿಸುತ್ತಾರೆ, ಬುಡದಿಂದ ಚಿಗುರು ಏಳಲೆಂದು. ಕೆಂಪು ಕರಂಟ್ ತದ್ವಿರುದ್ಧ. ಅದು ಹಳೆಯ ಕೊಂಬೆಯ ಗಿಡ್ಡ ಕವಲುಗಳಲ್ಲಿ ಕಾಯುತ್ತದೆ. ಮುದಿ ಕೊಂಬೆಗಳನ್ನು ಉಳಿಸಿಕೊಂಡು, ಪಕ್ಕದ ಚಿಗುರುಗಳನ್ನು ಒಂದೆರಡು ಮೊಗ್ಗಿಗೆ ಮೊಟಕುಗೊಳಿಸಿ, ನಡುವೆ ಗಾಳಿಯಾಡುವಂತೆ ಪೊದೆಯನ್ನು ಬಟ್ಟಲಿನ ಆಕಾರಕ್ಕೆ ತರಬೇಕು. ನಮ್ಮ ವಿಜಯಪುರದ ದ್ರಾಕ್ಷಿ ಚಾಟ್ನಿ, ಕೊಡಗಿನ ಕಾಫಿ ಕಪಾತು ಕಂಡವರಿಗೆ ಈ ಲೆಕ್ಕ ತೀರಾ ಹೊಸದಲ್ಲ. ಬಲೆ ಹೊದಿಸದಿದ್ದರೆ ಮಾತ್ರ ಲೆಕ್ಕವೆಲ್ಲ ಹಕ್ಕಿಗಳ ಪಾಲು.

ಕಪ್ಪು ಕರಂಟಿನಲ್ಲಿ ‘ಸಿ’ ಜೀವಸತ್ವ ಹೇರಳ. ಎರಡನೆಯ ಮಹಾಯುದ್ಧದಲ್ಲಿ ಕಿತ್ತಳೆ ದುರ್ಲಭವಾದಾಗ ಬ್ರಿಟನ್ ಸರ್ಕಾರ ಪುಟ್ಟ ಮಕ್ಕಳಿಗೆ ಇದರ ಪಾನಕವನ್ನು ಹಂಚಿತ್ತು. ಡಂಡೀ ಬಳಿಯ ಇನ್ವರ್‌ಗೌರಿ ಸಂಶೋಧನಾ ಕೇಂದ್ರ 1975ರಲ್ಲಿ ‘ಬೆನ್ ಲೋಮಂಡ್’ ಎಂಬ ತಳಿ ಬಿಡುಗಡೆ ಮಾಡಿತು. ‘ಬೆನ್’ ಎಂದರೆ ಅಲ್ಲಿನ ಗೇಲಿಕ್ ಭಾಷೆಯಲ್ಲಿ ಬೆಟ್ಟ. ಮುಂದಿನ ತಳಿಗಳಿಗೂ ಬೆಟ್ಟಗಳದೇ ಹೆಸರು. 2011ರಿಂದ ಆ ಕೇಂದ್ರ ಜೇಮ್ಸ್ ಹಟನ್ ಸಂಸ್ಥೆಯ ಭಾಗ. ಈಗ ಅಲ್ಲಿನ ಚಿಂತೆ ಬೇರೆ. ಚಳಿಗಾಲದಲ್ಲಿ ಸಾಕಷ್ಟು ಚಳಿ ತಿನ್ನದಿದ್ದರೆ ಈ ಗಿಡದ ಮೊಗ್ಗುಗಳು ಒಟ್ಟಿಗೆ ಒಡೆಯುವುದಿಲ್ಲ, ಫಸಲು ತಗ್ಗುತ್ತದೆ. ಚಳಿಗಾಲಗಳು ಬೆಚ್ಚಗಾಗುತ್ತಿವೆ. ಕಡಿಮೆ ಚಳಿಯಲ್ಲೂ ಕಾಯುವ ತಳಿಗಾಗಿ ವಿಜ್ಞಾನಿಗಳು ದುಡಿಯುತ್ತಿದ್ದಾರೆ. ಇದನ್ನು ಬೆಂಗಳೂರಿನ ತಾರಸಿಯಲ್ಲಿ ಬೆಳೆಯುವ ಆಸೆ ಬೇಡ ಎನ್ನುವುದೂ ಇದೇ ಕಾರಣಕ್ಕೆ.

ಚಳಿಗಾಲದಲ್ಲಿ ಸವರಿದ ಕಡ್ಡಿಗಳೆಲ್ಲ ಕಸಕ್ಕೆ ಹೋಗುವುದಿಲ್ಲ. ಪೆನ್ಸಿಲ್ ದಪ್ಪದ, ಒಂದು ಗೇಣುದ್ದದ ಎಳೆಯ ಕರಂಟ್ ಕಡ್ಡಿಯನ್ನು ನೆಲಕ್ಕೆ ಊರಿದರೆ, ನಮ್ಮ ದಾಸವಾಳದಂತೆ, ವರ್ಷದೊಳಗೆ ಬೇರು ಬಿಡುತ್ತದೆ. ನೆರೆಯವರಿಗೆ ಕೊಡುವ ಮುನ್ನ ಮೊಗ್ಗನ್ನು ಮಾತ್ರ ನೋಡಬೇಕು. ಚೂಪಾಗಿರದೆ ಬಟಾಣಿಯಂತೆ ಉಬ್ಬಿದ್ದರೆ ಒಳಗೆ ನುಸಿ ಇದೆ. ಅಂಥ ಕಡ್ಡಿ ಒಲೆಗೆ.