ಲೂಸಿಲ್ ಕೊಂಡ ಮನೆ

ನ್ಯೂಯಾರ್ಕಿಗೆ ಹೋದವರು ಮುಗಿಲು ಮುಟ್ಟುವ ಕಟ್ಟಡಗಳನ್ನೂ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನೂ ನೋಡಿ ಬರುತ್ತಾರೆ. ನಾನೂ ನೋಡಿದೆ. ಆದರೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಕ್ವೀನ್ಸ್ ಭಾಗದ ಕರೋನಾ ಬಡಾವಣೆಯ ಒಂದು ಇಟ್ಟಿಗೆ ಮನೆ. (ಹೆದರಬೇಡಿ, ಆ ಬಡಾವಣೆಗೆ ಆ ಹೆಸರು ಎಷ್ಟೋ ಹಿಂದಿನದು!) ಫ್ಲಶಿಂಗ್‌ನ ಗಣಪತಿ ದೇವಸ್ಥಾನಕ್ಕೆ ಹೋಗುವ 7ನೇ ನಂಬರಿನ ರೈಲಿನಲ್ಲೇ ಹೊರಟು, ನಡುವೆ 103ನೇ ಬೀದಿಯ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರಾಯ್ತು. ಜಾಜ್ ಸಂಗೀತದ ಲೂಯಿ ಆರ್ಮ್‌ಸ್ಟ್ರಾಂಗ್ 1943ರಿಂದ 1971ರಲ್ಲಿ ತೀರಿಕೊಳ್ಳುವ ತನಕ ಬಾಳಿದ ಮನೆ ಅದು.

ಈತ ಹುಟ್ಟಿದ್ದು 1901ರಲ್ಲಿ, ನ್ಯೂ ಆರ್ಲಿಯನ್ಸ್ ನಗರದ ಕಡುಬಡವರ ಕೇರಿಯಲ್ಲಿ. ತಂದೆ ಬಿಟ್ಟು ಹೋದ. ಸಾಕಿದ್ದು ತಾಯಿ, ಅಜ್ಜಿ. 1912ರ ಕೊನೆಯ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿದ್ದಕ್ಕೆ ಹುಡುಗನನ್ನು ಬಾಲಕರ ಸುಧಾರಣಾ ಶಾಲೆಗೆ ಹಾಕಿದರು. ಅಲ್ಲಿನ ಬ್ಯಾಂಡಿನಲ್ಲಿ ಕಾರ್ನೆಟ್ ಊದಿ ಊದಿ ಪಳಗಿದ. 1922ರಲ್ಲಿ ಗುರು ಕಿಂಗ್ ಆಲಿವರ್ ಷಿಕಾಗೋಗೆ ಕರೆಸಿಕೊಂಡ.

ಅದುವರೆಗೆ ಜಾಜ್ ಅಂದ್ರೆ ಹೆಚ್ಚಾಗಿ ಎಲ್ಲರೂ ಒಟ್ಟಿಗೆ ಊದುವುದು. 1925ರಿಂದ 1928ರವರೆಗೆ ಈತ ಕೊಟ್ಟ ಗ್ರಾಮೊಫೋನ್ ಪ್ಲೇಟುಗಳಲ್ಲಿ ಒಬ್ಬನೇ ಮುಂದೆ ನಿಂತು ಮನೋಧರ್ಮದಂತೆ ಬೆಳೆಸುವುದೇ ಮುಖ್ಯವಾಯಿತು. ನಮ್ಮ ಕಚೇರಿಯಲ್ಲಿ ಕಲ್ಪನಾಸ್ವರ ಹಾಕ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಮುಂದಿನವರು ಹಿಡಿದದ್ದು ಅದೇ ದಾರಿ.

ಕೀರ್ತಿಯೇನೋ ಬಂತು, ಸ್ವಂತ ಮನೆ ಇಲ್ಲ. ವರ್ಷವೆಲ್ಲ ಊರೂರು ತಿರುಗುವವನಿಗೆ ಹೋಟೆಲಿನ ಕೋಣೆ ಸಾಲದೇ ಎಂಬುದು ಆತನ ವಾದ. 1942ರಲ್ಲಿ ಕೈಹಿಡಿದ ನಾಲ್ಕನೇ ಹೆಂಡತಿ ಲೂಸಿಲ್, ಕಾಟನ್ ಕ್ಲಬ್ಬಿನ ನರ್ತಕಿ, ಇದಕ್ಕೆ ಒಪ್ಪಲಿಲ್ಲ. ಗಂಡ ಪ್ರವಾಸದಲ್ಲಿದ್ದಾಗ ತಾನೇ ಮನೆ ಕೊಂಡುಬಿಟ್ಟಳು! ವಿಳಾಸ ಹಿಡಿದು ಟ್ಯಾಕ್ಸಿಯಲ್ಲಿ ಬಂದವನಿಗೆ ಅಷ್ಟು ಚೆಂದದ ಮನೆ ತನ್ನದೆಂದು ನಂಬಿಕೆಯೇ ಬರಲಿಲ್ಲ. ತಮಾಷೆ ಸಾಕು, ಸರಿಯಾದ ಮನೆಗೆ ಬಿಡಯ್ಯ ಅಂದನಂತೆ ಡ್ರೈವರಿಗೆ. ಬಾಗಿಲಲ್ಲಿ ಲೂಸಿಲ್ ಕಾಣಿಸಿಕೊಂಡ ಮೇಲೇ ಇಳಿದದ್ದು.

ನಾನು ಬಹಳ ಹೊತ್ತು ನಿಂತದ್ದು ಅಡಿಗೆಮನೆಯಲ್ಲಿ. ಸುತ್ತ ಹಸಿರುನೀಲಿಯ ಬೀರುಗಳು ಕನ್ನಡಿಯಂತೆ ಹೊಳೆಯುತ್ತವೆ. ಮಿಕ್ಸಿಯನ್ನು ಕಟ್ಟೆಯೊಳಗೇ ಕೂರಿಸಿದ್ದಾರೆ ನೋಡಿ! ಈ ಅನುಕೂಲ ನಮಗೇಕೆ ಹೊಳೆಯಲಿಲ್ಲವೋ. ಆತನಿಗೆ ಪ್ರಾಣವೆಂದರೆ ತವರೂರಿನ ಕೆಂಪು ಹುರುಳಿಕಾಯಿ ಬೀಜದ ಪಲ್ಯ ಮತ್ತು ಅನ್ನ, ನಮ್ಮ ರಾಜ್ಮಾ ಅನ್ನದ ನೆಂಟ ಅನ್ನಿ. ಕಾಗದದ ಕೊನೆಯಲ್ಲೂ ‘ಇಂತಿ’ ಎನ್ನುವ ಕಡೆ ಅದರ ಹೆಸರನ್ನೇ ಬರೆದು ಸಹಿ ಹಾಕುತ್ತಿದ್ದ. ಮದುವೆಗೆ ಮುಂಚೆ ಲೂಸಿಲ್‌ಳನ್ನು ಇದು ಮಾಡಲು ಬರುತ್ತದೆಯೇ ಎಂದೂ ಕೇಳಿದ್ದನಂತೆ. ಗಂಡಸರು ಎಲ್ಲ ಕಡೆಯೂ ಒಂದೇ!

ಮಹಡಿಯ ಕೋಣೆಯಲ್ಲಿ ಟೇಪ್ ರೆಕಾರ್ಡರುಗಳಿವೆ. ಹಾಡು, ಹರಟೆ, ನಗು ಎಲ್ಲ ಸೇರಿ ಸುಮಾರು 650 ಟೇಪುಗಳು. ಡಬ್ಬಿಗಳ ಮೇಲೆ ಆತನೇ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ್ದಾನೆ. ಮನೆ ತೋರಿಸುವವರು ಅವುಗಳಲ್ಲಿ ಕೆಲವನ್ನು ಕೇಳಿಸುತ್ತಾರೆ. ಆ ಗೊಗ್ಗರು ದನಿ ಕೇಳಿದರೆ ಪಕ್ಕದ ಕೋಣೆಯಲ್ಲೇ ಇದ್ದಾನೆ ಅನ್ನಿಸುತ್ತದೆ.

ಬಿಳಿಯರ ಮುಂದೆ ಹಲ್ಲು ಬಿಡುತ್ತಾನೆಂದು ಆತನನ್ನು ಹಳಿದವರೂ ಇದ್ದರು. ಆದರೆ 1957ರಲ್ಲಿ ಲಿಟ್ಲ್ ರಾಕ್ ಊರಿನಲ್ಲಿ ಕರಿಯ ಮಕ್ಕಳನ್ನು ಶಾಲೆಗೆ ಸೇರಿಸದೆ ತಡೆದಾಗ, ಸರ್ಕಾರದ ಪರವಾಗಿ ಹೋಗಬೇಕಿದ್ದ ರಷ್ಯಾ ಪ್ರವಾಸವನ್ನೇ ಬೇಡವೆಂದವನು ಈತ.

ಗಂಡ ಹೋದ ಮೇಲೆ ಲೂಸಿಲ್ 1983ರಲ್ಲಿ ತಾನು ಸಾಯುವವರೆಗೂ ಅಲ್ಲೇ ಇದ್ದು, ಮನೆಯನ್ನು ನಗರಕ್ಕೆ ಬರೆದಿಟ್ಟಳು. 2003ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಎದುರಿಗೆ 2023ರಲ್ಲಿ ಹೊಸ ಕಟ್ಟಡವೂ ತೆರೆದಿದೆ. ಅಲ್ಲಿ ಆತನ ಬಗೆಗಿನ ಪ್ರದರ್ಶನವಿದೆ. ಹೋಗುವವರು ಅದಕ್ಕೂ ಒಂದು ಗಂಟೆ ಇಟ್ಟುಕೊಳ್ಳಿ.